ಸಿಸ್ಟರ್ ಮೊದಲು ಯಾರನ್ನ ನೋಡಬೇಕು?

ಮೊನ್ನೆ ಸಂಜೆ ಅಣ್ಣಿಗೇರಿ ಬಸ್ ಸ್ಟ್ಯಾಂಡಿನ ಹತ್ತಿರ ಚಹಾದಂಗಡಿಯಲ್ಲಿ ಒಂದು ವಾದ ಎದ್ದಿತ್ತು. ಹುಬ್ಬಳ್ಳಿ ಬಸ್ಸು ತಡವಾಗಿತ್ತು, ಹೀಗಾಗಿ ವಾದ ಮಾಡಲಿಕ್ಕೆ ಮಂದಿಗೇನೂ ಕೊರತೆ ಇರಲಿಲ್ಲ. ಕಿರಾಣಿ ಅಂಗಡಿಯವರೊಬ್ಬರು ಭಾರಿ ಸಿಟ್ಟಿನಲ್ಲಿದ್ದರು. ಮಗನ ಕೈ ಮುರಿದು ಯಾವುದೋ ದೊಡ್ಡ ದವಾಖಾನೆಗೆ ಒಯ್ದಿದ್ದರಂತೆ.

"ನಾವು ಹೋಗಿ ಅರ್ಧಾ ತಾಸ ಆಗಿತ್ರೀ. ನಮ್ಮ ಹಿಂದ ಬಂದಾವನ್ನ ಒಳಗ ಕರಕೊಂಡ್ಲು ಆ ನರ್ಸಬಾಯಿ. ಹಂಗಾದ್ರ ನಮ್ಮ ಪಾಳಿಗೆ ಏನ್ ಕಿಮ್ಮತ್ತು?"

"ಹೌದ್ರೀ, ಅಲ್ಲೆಲ್ಲಾ ವಶೀಲಿ ಇದ್ದವರದೇ ನಡೀತೈತಿ" ಅಂತ ಸುತ್ತ ಕೂತವರು ತಲೆ ಅಲ್ಲಾಡಿಸಿದರು.

ನಾನು ಬಾಯಿ ಮುಚ್ಚಿಕೊಂಡು ಚಹಾ ಕುಡಿದೆ. ಮುಚ್ಚಿಕೊಳ್ಳಲಿಕ್ಕೆ ಕಾರಣವಿತ್ತು. ಇದೇ ಮಾತನ್ನು ಇವರಿಗಿಂತ ದೊಡ್ಡ ದನಿಯಲ್ಲಿ ನಾನೂ ಒಮ್ಮೆ ಆಡಿದ್ದೇನೆ. ಆಡಬಾರದ ಹೊತ್ತಿನಲ್ಲಿ, ಆಡಬಾರದ ಜಾಗದಲ್ಲಿ ಆಡಿದ್ದೇನೆ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಸಂಬಂಧಿಕರ ಮದುವೆಗೆ ಹೊರಟಿದ್ದ ಟ್ರ್ಯಾಕ್ಸ್ ರಾತ್ರಿ ಹೊತ್ತಿನಲ್ಲಿ ಉರುಳಿ ಬಿತ್ತು. ಒಳಗೆ 14 ಮಂದಿ. ಸಿಕ್ಕ ಸಿಕ್ಕ ಗಾಡಿಯಲ್ಲಿ ಹಾಕಿಕೊಂಡು ಹತ್ತಿರದ ದವಾಖಾನೆಯೊಂದಕ್ಕೆ ಒಯ್ದೆವು. ಯಾವ ದವಾಖಾನೆ ಅನ್ನುವುದು ಇಲ್ಲಿ ಬೇಡ. ಇದ್ದ ಒಬ್ಬ ಡಾಕ್ಟರು ಒಳಗೆ ಹೆರಿಗೆಯಲ್ಲಿ ಸಿಕ್ಕಿಕೊಂಡಿದ್ದರು. ಬಾಗಿಲಲ್ಲಿ ಒಬ್ಬ ಸಿಸ್ಟರ್, ಒಬ್ಬ ಆಯಾ. ಇಷ್ಟೇ ಸೈನ್ಯ.

ನಮ್ಮ ಅಣ್ಣನ ಮಗನ ನೆತ್ತಿ ಒಡೆದು ಮುಖವೆಲ್ಲ ರಕ್ತ. ಹುಡುಗ "ಯಪ್ಪಾ, ಸತ್ನೋ" ಅಂತ ಇಡೀ ಓಣಿಗೆ ಕೇಳುವಂತೆ ಚೀರುತ್ತಿದ್ದ. ಸಿಸ್ಟರ್ ಬಂದರು, ನೋಡಿದರು. ಒಂದು ದಪ್ಪ ಬಟ್ಟೆಯ ಸುರುಳಿ ನನ್ನ ಕೈಗೆ ಕೊಟ್ಟು, "ಒತ್ತಿ ಹಿಡೀರಿ, ಬಿಡಬ್ಯಾಡ್ರಿ" ಅಂತ ಹೇಳಿ ಮುಂದೆ ಹೋಗಿಬಿಟ್ಟರು. ಹೋದದ್ದು ಎಲ್ಲಿಗೆ? ಗೋಡೆಗೆ ಆನಿಸಿ ಕೂಡಿಸಿದ್ದ ಒಬ್ಬ ಮನುಷ್ಯನ ಹತ್ತಿರ. ಅವನ ಮೈಮೇಲೆ ಒಂದು ತರಚುಗಾಯವೂ ಕಾಣುತ್ತಿರಲಿಲ್ಲ. ಚೀರುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ. ಬೆವತಿದ್ದ, ಮುಖ ಬಿಳಿಚಿತ್ತು, ತೇಕುತ್ತಿದ್ದ. ಅಷ್ಟೇ.

ನನ್ನ ತಲೆ ಕೆಟ್ಟಿತು. ಹುಡುಗನನ್ನು ಇನ್ನೊಬ್ಬರ ಕೈಗೆ ಕೊಟ್ಟು ಹೋಗಿ ಸಿಸ್ಟರಿಗೆ ಅಡ್ಡ ನಿಂತೆ. "ರಕ್ತ ಹರಿಯೂದು ಕಾಣೂದಿಲ್ಲೇನ್ರೀ ನಿಮಗ? ನಾ ಯಾರು ಗೊತ್ತೈತೇನು? ನಾಳೆ ಪೇಪರಿನ್ಯಾಗ ಹಾಕ್ತೀನಿ!" ಅಂದೆ. ಹೌದು ಓದುಗರೇ, ಇದೇ ಪೇಪರಿನ ಹೆಸರು ಹೇಳಿ ಹೆದರಿಸಿದೆ. ನನ್ನ ಬೆನ್ನಿಗೆ ಇನ್ನೂ ಹತ್ತು ಮಂದಿ ಸೇರಿದರು. ಆಕೆ ಉತ್ತರ ಕೊಡಲಿಲ್ಲ. ನನ್ನ ತೋಳಿನ ಕೆಳಗೆ ನುಸುಳಿ ಹೋಗಿ ಆ ಮನುಷ್ಯನಿಗೆ ಸಲಾಯಿನ್ ಹಚ್ಚಿದರು, ಆಯಾನ ಕೈಲಿ 108ಕ್ಕೆ ಫೋನು ಮಾಡಿಸಿದರು.

ನಮ್ಮ ಹುಡುಗನಿಗೆ ಏಳು ಹೊಲಿಗೆ ಬಿದ್ದವು. ಮರುದಿನ ಮನೆಯಲ್ಲಿ ಕೂತು ಉಪ್ಪಿಟ್ಟು ತಿಂದ. ಆ ಸುಮ್ಮನೆ ಕೂತಿದ್ದ ಮನುಷ್ಯನ ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತಂತೆ. ದೊಡ್ಡ ದವಾಖಾನೆಯಲ್ಲಿ ಆಪರೇಷನ್ ಆಗಿ ಬದುಕಿಕೊಂಡ. ನಾನು ಅಡ್ಡ ನಿಂತದ್ದು ಐದು ನಿಮಿಷ. ಇನ್ನೂ ಹತ್ತು ನಿಮಿಷ ನಿಂತಿದ್ದರೆ?

ಅದೇ ರಾತ್ರಿಯ ಇನ್ನೊಂದು ಸಂಗತಿ ಇದೆ. ಅದೇ ದಿಬ್ಬಣದ ವಯಸ್ಸಾದ ಯಜಮಾನರೊಬ್ಬರನ್ನು ಬಾಗಿಲ ಬದಿಗೆ ಮಲಗಿಸಿದ್ದರು. ಸಿಸ್ಟರ್ ಅವರ ಗದ್ದ ಎತ್ತಿ, ಬಾಯಿ ತೆರೆದು, ಕಿವಿ ಹಚ್ಚಿ ಉಸಿರು ನೋಡಿದರು. ಉಸಿರಿರಲಿಲ್ಲ. ಎದ್ದು ಮುಂದಿನವರ ಕಡೆ ನಡೆದರು. ಯಜಮಾನರ ಮಗಳು ಹಿಂದಿನಿಂದ ತೋಳು ಹಿಡಿದು, "ಅಕ್ಕಾರ, ನಮ್ಮಪ್ಪನ್ನ ಯಾಕ ಬಿಟ್ಟ ಹೊಂಟ್ರಿ?" ಅಂತ ಕೇಳಿದಳು. ಸಿಸ್ಟರ್ ಕೈ ಬಿಡಿಸಿಕೊಂಡರು. ಹೋದರು.

ಈ ಬಿಡಿಸಿಕೊಂಡು ಹೋಗುವುದಿದೆಯಲ್ಲ, ಅದರ ಬಗ್ಗೆಯೇ ಇವತ್ತಿನ ಮಾತು.

ನಿಯಮ ತಿರುವುಮುರುವು

ದಿನಾ ನಡೆಯುವ ದವಾಖಾನೆಯ ಲೆಕ್ಕ ಬೇರೆ, ದುರಂತದ ದಿನದ ಲೆಕ್ಕ ಬೇರೆ. ಸಾದಾ ದಿನ ಒಬ್ಬರ ಎದೆ ನಿಂತರೆ ಇಬ್ಬರು ಡಾಕ್ಟರು, ಮೂವರು ಸಿಸ್ಟರು ಅವರ ಮೇಲೆಯೇ ಬೀಳುತ್ತಾರೆ. ಅರ್ಧ ತಾಸು ಎದೆ ಒತ್ತುತ್ತಾರೆ. ಎಷ್ಟು ಕೆಟ್ಟ ಸ್ಥಿತಿಯೋ ಅಷ್ಟು ಹೆಚ್ಚು ಕೈ. ಆದರೆ ಒಂದೇ ಸಲ 30 ಮಂದಿ ಬಂದು ಬಿದ್ದರೆ? ಇರುವುದು ಎರಡೇ ಕೈ. ಉಸಿರು ನಿಂತ ಒಬ್ಬರ ಮೇಲೆ ಅರ್ಧ ತಾಸು ಖರ್ಚು ಮಾಡಿದರೆ, ಬದುಕಬಹುದಾಗಿದ್ದ ಮೂವರು ಕಾಯುತ್ತಲೇ ಹೋಗಿಬಿಡುತ್ತಾರೆ. ಹೀಗಾಗಿ ಆ ದಿನದ ಮಟ್ಟಿಗೆ ನಿಯಮ ತಿರುವುಮುರುವು. ಇದ್ದ ಕೈಗಳಿಂದ ಎಷ್ಟು ಹೆಚ್ಚು ಜೀವ ಉಳಿಯುತ್ತದೋ ನೋಡು, ಅಷ್ಟೇ.

ಇದು ಹೊಸದಲ್ಲ. ನೆಪೋಲಿಯನ್ನನ ಸೈನ್ಯದಲ್ಲಿ ಲಾರ್ರೇ ಅಂತ ಒಬ್ಬ ಶಸ್ತ್ರವೈದ್ಯನಿದ್ದ. ಗಾಯ ಯಾರಿಗೆ ಭಾರಿಯಾಗಿದೆಯೋ ಅವನು ಮೊದಲು, ಸರದಾರನೋ ಸಿಪಾಯಿಯೋ ನೋಡಬೇಡಿ ಅಂತ ಅವನು ಕಟ್ಟು ಮಾಡಿದ. ಫ್ರೆಂಚರು ಇದಕ್ಕೆ ಬಳಸಿದ ಶಬ್ದ ನಮ್ಮ ಬಜಾರದವರಿಗೆ ಹಿಡಿಸುವಂಥದು. ಉಣ್ಣೆ, ಕಾಫಿಬೀಜ ವಿಂಗಡಿಸುವ ವ್ಯಾಪಾರಿಗಳ ಶಬ್ದ ಅದು. ನಮ್ಮಲ್ಲಿ ಮೆಣಸಿನಕಾಯಿ ಆರಿಸುವುದಿಲ್ಲವೇ, ಹಾಗೆ. ಇಂಗ್ಲೀಷ್ ಓದಿದ ಡಾಕ್ಟರುಗಳು ಈಗ ಅದನ್ನೇ ಟ್ರಯಾಜ್ ಅನ್ನುತ್ತಾರೆ.

ಮೆಣಸಿನಕಾಯಿ ಆರಿಸುವ ಹೆಣ್ಣುಮಕ್ಕಳಿಗೆ ದಿನವೆಲ್ಲಾ ವೇಳೆ ಇರುತ್ತದೆ. ಸಿಸ್ಟರಿಗೆ ಸಿಗುವುದು ತಲೆಗೆ ಒಂದು ನಿಮಿಷ, ಅದೂ ಪೂರ್ತಿ ಇಲ್ಲ. 1983ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಂದು ಸರಳ ಪದ್ಧತಿ ಮಾಡಿದರು, ಅದನ್ನೇ ಸ್ವಲ್ಪ ಹೆಚ್ಚು ಕಡಿಮೆ ಮಾಡಿ ಜಗತ್ತಿನ ಎಷ್ಟೋ ಕಡೆ ಬಳಸುತ್ತಾರೆ. ಎದ್ದು ನಡೆಯಬಲ್ಲವರು ಹಸಿರು ಪಟ್ಟಿ, ಅವರು ಕಾಯಬಹುದು. ಉಳಿದವರಲ್ಲಿ ನಿಮಿಷಕ್ಕೆ 30ಕ್ಕಿಂತ ಹೆಚ್ಚು ಸಲ ಉಸಿರಾಡುವವನು ಕೆಂಪು ಪಟ್ಟಿ. ಉಗುರು ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಕೆಂಪು ಬಣ್ಣ ತಿರುಗಿ ಬರದಿದ್ದರೂ ಕೆಂಪು ಪಟ್ಟಿ. "ನನ್ನ ಕೈ ಹಿಡೀರಿ" ಅಂದರೆ ತಿಳಿಯದವನಿಗೂ ಕೆಂಪು. ಇವ್ಯಾವುವೂ ಇಲ್ಲದೆ, ನಡೆಯಲಿಕ್ಕೆ ಮಾತ್ರ ಬರದವರು ಹಳದಿ. ಉಸಿರಿನ ದಾರಿ ತೆರೆದರೂ ಉಸಿರು ಬಾರದವರಿಗೆ ಕಪ್ಪು.

ಈಗ ತಿಳಿಯಿತಲ್ಲ, ಆ ತೇಕುತ್ತಿದ್ದ ಮನುಷ್ಯ ಯಾಕೆ ಮೊದಲು, ಚೀರುತ್ತಿದ್ದ ನಮ್ಮ ಹುಡುಗ ಯಾಕೆ ಆಮೇಲೆ ಅಂತ? ಚೀರುವವನಿಗೆ ಉಸಿರಿದೆ, ಬುದ್ಧಿ ಇದೆ. ಸುಮ್ಮನಿರುವವನನ್ನು ಹುಡುಕಿಕೊಂಡು ಹೋಗಬೇಕು. ನಮ್ಮ ಮಂದಿಗೋ, ದೊಡ್ಡ ದನಿ ಯಾರದೋ ಅವರ ಕೆಲಸ ಮೊದಲು ಆಗಬೇಕು. ಪಂಚಾಯ್ತಿಯಲ್ಲೂ ಹಾಗೇ, ದವಾಖಾನೆಯಲ್ಲೂ ಹಾಗೇ.

ಪದ್ಧತಿ ಕಾಗದದ ಮೇಲೆ ಸರಳ. ಕಪ್ಪು ಪಟ್ಟಿ ಕಟ್ಟುವ ಕೈ ಯಾರದು ಅಂತ ಒಮ್ಮೆ ವಿಚಾರ ಮಾಡಿ. ಜೀವ ಉಳಿಸುತ್ತೇನೆ ಅಂತ ಕಲಿತು ಬಂದ ಹುಡುಗಿ, 25-26 ವಯಸ್ಸು, ಒಬ್ಬರ ಮಗಳು ನೋಡುತ್ತಿರುವಾಗಲೇ ಅವರಪ್ಪನನ್ನು ದಾಟಿ ಹೋಗಬೇಕು. ಆ ಮಗಳಿಗೆ ವಿವರಿಸಿ ಹೇಳಲಿಕ್ಕೆ ವೇಳೆ ಇಲ್ಲ. ವಿವರಿಸುತ್ತ ನಿಂತರೆ ಅದೂ ಒಂದು ಜೀವದ ಲೆಕ್ಕವೇ.

ಇನ್ನೊಂದು ಕೇಳಿ. ಗಾಡಿ ಉರುಳಿಸಿದ ಡ್ರೈವರು ಕುಡಿದಿದ್ದಾನೆ ಅಂತಿಟ್ಟುಕೊಳ್ಳಿ. ಅವನದೇ ಗಾಯ ಎಲ್ಲರಿಗಿಂತ ಭಾರಿ. ಯಾರು ಮೊದಲು? ಅವನೇ ಮೊದಲು. ಹೊರಗೆ ನಿಂತ ಮಂದಿ ಇದನ್ನು ಒಪ್ಪುತ್ತಾರೆಯೇ? 1980ರ ಜುಲೈ ತಿಂಗಳ ನರಗುಂದ-ನವಲಗುಂದದ ಬಂಡಾಯ ನಮ್ಮ ಹಿರಿಯರಿಗೆ ಇನ್ನೂ ನೆನಪಿದೆ. ರೈತರೂ ಸತ್ತರು, ಪೋಲೀಸರೂ ಸತ್ತರು. ಅಂಥ ದಿನ ಎರಡೂ ಕಡೆಯ ಗಾಯಾಳುಗಳು ಒಂದೇ ಕೋಣೆಗೆ ಬಂದರೆ ಸಿಸ್ಟರ್ ನೋಡಬೇಕಾದದ್ದು ಉಸಿರನ್ನೇ. ಅಂಗಿಯ ಬಣ್ಣ ನೋಡುವಂತಿಲ್ಲ.

ಧಾರವಾಡದ ಆ ಕಟ್ಟಡ

ದುರಂತ ಅಂದರೆ ಎಲ್ಲೋ ದೂರದ್ದು ಅಂತ ಯಾರೂ ತಿಳಿಯಬೇಡಿ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಇನ್ನೂ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಮಧ್ಯಾಹ್ನದ ಹೊತ್ತಿಗೆ ಕುಸಿದು ಬಿತ್ತು. ಮೇಲೆ ಕೆಲಸ ನಡೆದಿತ್ತು, ಕೆಳಗೆ ಅಂಗಡಿಗಳೂ ನಡೆದಿದ್ದವು. 19 ಮಂದಿ ಸತ್ತರು. ಅವಶೇಷದೊಳಗಿಂದ ಜನರನ್ನು ತೆಗೆಯುವ ಕೆಲಸ ದಿನಗಟ್ಟಲೆ ನಡೆಯಿತು. ಇಡೀ ಜಿಲ್ಲೆ ಟಿ.ವಿ. ಮುಂದೆ ಕೂತಿತ್ತು.

ಕಲ್ಲುಮಣ್ಣಿನೊಳಗಿಂದ ಒಬ್ಬರು ಜೀವಂತ ಹೊರಗೆ ಬಂದರೆ ನಾವು ಚಪ್ಪಾಳೆ ತಟ್ಟುತ್ತೇವೆ. ತಟ್ಟಬೇಕಾದದ್ದೇ. ಆದರೆ ದವಾಖಾನೆಯವರ ನಿಜವಾದ ಭಯ ಅಲ್ಲಿಂದ ಶುರುವಾಗುತ್ತದೆ. ಬಹಳ ಹೊತ್ತು ಭಾರದ ಕೆಳಗೆ ಸಿಕ್ಕ ಕಾಲಿನ ಮಾಂಸಖಂಡ ಸತ್ತಿರುತ್ತದೆ. ಭಾರ ಎತ್ತಿದ ಕೂಡಲೇ ಅಲ್ಲಿ ನಿಂತಿದ್ದ ಪೊಟ್ಯಾಸಿಯಂ ಮೊದಲಾದ ವಿಷವೆಲ್ಲ ರಕ್ತಕ್ಕೆ ನುಗ್ಗುತ್ತದೆ. ಎದೆ ನಿಲ್ಲಬಹುದು, ಮೂತ್ರಪಿಂಡ ಕೈಕೊಡಬಹುದು. ಈಗ ತಾನೇ ಮಾತಾಡಿದವನು ಒಂದು ತಾಸಿನಲ್ಲಿ ಇಲ್ಲವಾಗಬಹುದು. ಅವನ ಪಕ್ಕದಿಂದ ಸಿಸ್ಟರ್ ಕದಲುವಂತಿಲ್ಲ.

ಸರಿ, ಇಂಥ ದುರಂತವಾದಾಗ ಆಮೇಲೆ ಬರುವವರು ಯಾರು? ಮಂತ್ರಿ ಮಹೋದಯರು. ಅವರ ಹಿಂದೆ ಮಾಜಿಗಳು, ಮಾಜಿಗಳ ಹಿಂದೆ ಮುಂದೆ ಆಗಬೇಕೆನ್ನುವವರು. ಎಲ್ಲರಿಗೂ ಮಂಚದ ಬದಿಗೆ ನಿಂತು ಫೋಟೋ ಬೇಕು. ಹಾಸಿಗೆಯ ಚಾದರ ಬದಲಿಸಬೇಕು, ದಾರಿ ತೆರವು ಮಾಡಬೇಕು, "ಸಾಹೇಬರಿಗೆ ಪೇಷಂಟಿನ ಸ್ಥಿತಿ ಹೇಳಿರಿ ಸಿಸ್ಟರ್" ಅಂತ ಮೇಲಿನವರ ಹುಕುಂ ಬೇರೆ. ಹೇಳಬೇಕೇ? ಪೇಷಂಟಿನ ಗುಟ್ಟು ಪೇಷಂಟಿನದು, ಕ್ಯಾಮೆರಾ ಮುಂದೆ ಹೇಳುವುದಲ್ಲ. ಹೇಳದಿದ್ದರೆ ಆಕೆ ಸೊಕ್ಕಿನವಳು. ಈಗಂತೂ ಕೈಗೊಂದು ಮೊಬೈಲು ಬಂದು, ಗಾಯಾಳುವಿನ ಮೈಮೇಲೆ ಬಟ್ಟೆ ಇದೆಯೋ ಇಲ್ಲವೋ ನೋಡದೆ ಚಿತ್ರ ತೆಗೆಯುತ್ತಾರೆ. ಸೂಜಿ ಹಿಡಿದ ಕೈಯೇ ಪರದೆಯನ್ನೂ ಹಿಡಿಯಬೇಕು.

ಹಳ್ಳ ಬಂದಾಗ

ನಮ್ಮ ಭಾಗದ ದುರಂತಕ್ಕೆ ಇನ್ನೊಂದು ಮುಖವಿದೆ. ಬೆಣ್ಣಿಹಳ್ಳ. ಬೇಸಿಗೆಯಲ್ಲಿ ಹೆಸರಿಗಷ್ಟೇ ಹಳ್ಳ, ತಿರುಗಿದರೆ ನದಿ. 2009ರಲ್ಲೂ 2019ರಲ್ಲೂ ಈ ಸೀಮೆ ನೆರೆ ಏನೆಂದು ನೋಡಿದೆ. ಎರೆಮಣ್ಣಿನ ದಾರಿಯಲ್ಲಿ ಟ್ರ್ಯಾಕ್ಟರು ಸಹ ಹೂತು ನಿಲ್ಲುತ್ತದೆ. ಹಳ್ಳ ಬಂದು ದಾರಿ ಕಡಿದರೆ ರಾತ್ರಿ ಪಾಳಿಯ ಸಿಸ್ಟರ್ ಮನೆಗೆ ಹೋಗುವಂತಿಲ್ಲ, ಹಗಲು ಪಾಳಿಯವಳು ಬರುವಂತಿಲ್ಲ. ಒಬ್ಬಳೇ 24 ತಾಸು, ಕೆಲವೊಮ್ಮೆ 36 ತಾಸು. ಅದೇ ಹೊತ್ತಿಗೆ ಆಕೆಯ ಮನೆಯ ಒಳಗೂ ನೀರು ಹೊಕ್ಕಿರುತ್ತದೆ. ಅತ್ತೆ ಹಾಸಿಗೆ ಹಿಡಿದಿರುತ್ತಾರೆ, ಕೂಸು ಅಳುತ್ತಿರುತ್ತದೆ. ಅಂಗಡಿಗೆ ನೀರು ಬಂದರೆ ನಾವು ಶಟರ್ ಎಳೆದು ಓಡುತ್ತೇವೆ, ಯಾರೂ ತಪ್ಪು ಅನ್ನುವುದಿಲ್ಲ. ಆಕೆ ಓಡಿದರೆ?

ನಿದ್ದೆಗೆಟ್ಟ 30ನೇ ತಾಸಿನಲ್ಲಿ ಔಷಧದ ಅಳತೆ ತಪ್ಪಿದರೆ ಹೊಣೆ ಯಾರದು ಅನ್ನುವುದನ್ನೂ ಕೇಳಬೇಕು. ನೋಟೀಸು ಬರುವುದು ಆಕೆಯ ಹೆಸರಿಗೇ.

ಕೊರೋನಾ ಕಾಲದಲ್ಲಂತೂ ಈ ಎಲ್ಲ ಪ್ರಶ್ನೆ ಒಂದೇ ಕಡೆ ಸೇರಿದವು. 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಕ್ಸಿಜನ್ ತೀರಿತು. ಬೆಳಗಾಗುವುದರೊಳಗೆ ರಾಜ್ಯಕ್ಕೆ ರಾಜ್ಯವೇ ಬೆಚ್ಚಿತು. ಮೊದಲು ಬಂದ ಸುದ್ದಿ 24 ಸಾವು. ಅವರಲ್ಲಿ ಆಕ್ಸಿಜನ್ ಇಲ್ಲದೆ ಸತ್ತವರು ಮೂವರೇ ಅಂತ ಸರಕಾರದ ಕಡೆಯ ಮಾತು. ಆಮೇಲೆ ಹೈಕೋರ್ಟು ನೇಮಿಸಿದ ನಿವೃತ್ತ ನ್ಯಾಯಮೂರ್ತಿ ವೇಣುಗೋಪಾಲ ಗೌಡರ ಸಮಿತಿ, ಆಕ್ಸಿಜನ್ ಕೊರತೆಯೇ ಸಾವಿಗೆ ಕಾರಣ ಅಂತ ಹೇಳಿತು. ಅದು ಹೇಳಿದ ಸಂಖ್ಯೆ 36.

ಕೊಟ್ಟವರು ಯಾರು, ತಡೆದವರು ಯಾರು ಅಂತ ಜಿಲ್ಲೆ ಜಿಲ್ಲೆಗಳ ನಡುವೆ ಜಗಳವೇ ಆಯಿತು. ಅಲ್ಲಿಗೆ ನಾನು ಹೋಗುವುದಿಲ್ಲ. ನನ್ನ ಪ್ರಶ್ನೆ ವಾರ್ಡಿನೊಳಗಿನದು. ಸಿಲಿಂಡರಿನ ಮುಳ್ಳು ಇಳಿಯುವುದನ್ನು ಮೊದಲು ನೋಡುವ ಕಣ್ಣು ಯಾವ ದವಾಖಾನೆಯಲ್ಲೂ ಸಿಸ್ಟರದೇ. "ಇನ್ನು ಎರಡು ತಾಸಿಗೆ ಮಾತ್ರ ಐತಿ" ಅಂತ ಆಕೆ ಮೇಲಿನವರಿಗೆ ಹೇಳುತ್ತಾಳೆ. ಬರುತ್ತದೆ ಅನ್ನುತ್ತಾರೆ. ಹಾಸಿಗೆಯ ಮೇಲಿನವನು ಕಣ್ಣಿನಲ್ಲೇ ಕೇಳುತ್ತಾನೆ, ಅವನಿಗೆ ಏನು ಹೇಳಬೇಕು? ಹೊರಗಿನ ಮಂದಿಗೆ ನಿಜ ಹೇಳಿದರೆ ಗಲಾಟೆ, ಹೇಳದಿದ್ದರೆ ಅವರು ಬೇರೆ ಕಡೆಯಿಂದ ಸಿಲಿಂಡರು ತರುವ ಅವಕಾಶವೂ ಹೋಯಿತು. ಒಂದೇ ಸಿಲಿಂಡರು ಇದ್ದರೆ 30ರ ಹೆಣ್ಣುಮಗಳಿಗೋ, 70ರ ಅಜ್ಜನಿಗೋ? ಇದನ್ನು ತೀರ್ಮಾನಿಸಲಿಕ್ಕೆ ಒಬ್ಬ ಸಂಬಳದ ನೌಕರಳನ್ನು ಒಂಟಿಯಾಗಿ ಬಿಡುವುದು ನ್ಯಾಯವೇ?

ಇದು ನಮ್ಮ ಬಡ ದೇಶದ ಪಾಡು ಅಂತ ಯಾರಾದರೂ ಅಂದಾರು. ಅಮೆರಿಕದಲ್ಲೂ ಆಗಿದೆ. 2005ರ ಕತ್ರಿನಾ ಚಂಡಮಾರುತದಲ್ಲಿ ನ್ಯೂ ಆರ್ಲಿಯನ್ಸ್ ನಗರದ ಮೆಮೋರಿಯಲ್ ಆಸ್ಪತ್ರೆ ನೀರಿನ ನಡುವೆ ಸಿಕ್ಕಿಕೊಂಡಿತು. ಕರೆಂಟು ಹೋಯಿತು, ಸೆಕೆ, ಕತ್ತಲೆ. ಯಾರನ್ನು ಮೊದಲು ಸಾಗಿಸಬೇಕು ಅಂತ ಅವರೂ ವಿಂಗಡಿಸಿದರು. ಎದೆ ನಿಂತರೆ ಮತ್ತೆ ಎಬ್ಬಿಸಬೇಡಿ ಅಂತ ಮೊದಲೇ ಬರೆದಿಟ್ಟಿದ್ದ ರೋಗಿಗಳನ್ನು ಕೊನೆಗೆ ಇಟ್ಟರು. ನೀರಿಳಿದ ಮೇಲೆ ಅಲ್ಲಿ 45 ಹೆಣ ಸಿಕ್ಕವು. ಕೆಲವರಿಗೆ ಔಷಧ ಚುಚ್ಚಿ ಸಾಯಿಸಿದರು ಅನ್ನುವ ಆರೋಪದ ಮೇಲೆ 2006ರಲ್ಲಿ ಒಬ್ಬ ಡಾಕ್ಟರನ್ನೂ ಇಬ್ಬರು ನರ್ಸುಗಳನ್ನೂ ಹಿಡಿದರು. ನರ್ಸುಗಳ ಮೇಲಿನ ಕೇಸು ಬಿಟ್ಟರು, ಡಾಕ್ಟರ ಮೇಲೆ ಮೊಕದ್ದಮೆ ಹೂಡಲು 2007ರಲ್ಲಿ ಜ್ಯೂರಿ ಒಪ್ಪಲಿಲ್ಲ. ಸರಿಯೋ ತಪ್ಪೋ ಅಂತ ಅಲ್ಲಿಯವರು ಇನ್ನೂ ವಾದ ಮಾಡುತ್ತಾರೆ. ಆದರೆ ಅಷ್ಟಾದ ಮೇಲೆ ಆ ರಾಜ್ಯ ಸುಮ್ಮನೆ ಕೂಡಲಿಲ್ಲ, ದುರಂತದ ವೇಳೆಯಲ್ಲಿ ದವಾಖಾನೆಯವರ ಹೊಣೆ ಎಷ್ಟು ಅನ್ನುವುದಕ್ಕೆ ಕಾನೂನು ಬರೆಯಿತು.

ನಮ್ಮಲ್ಲಿ? ಮೇ 12 ಬಂದರೆ ನೈಟಿಂಗೇಲಮ್ಮನ ಫೋಟೋಕ್ಕೆ ಹಾರ, ಸಿಸ್ಟರುಗಳಿಗೆ ಶಾಲು, ಒಂದು ಮೇಣದಬತ್ತಿ. ಈಚೆಗೆ ಸ್ಟಾಫ್ ನರ್ಸ್ ಅನ್ನುವ ಹೆಸರು ತೆಗೆದು ಶುಶ್ರೂಷಾಧಿಕಾರಿ ಅಂತಲೂ ಮಾಡಿದ್ದಾರೆ. ಅಧಿಕಾರಿ ಆದರು, ಸಂತೋಷ. ಅಧಿಕಾರ ಎಲ್ಲಿದೆ ಅಂತ ಹುಡುಕಬೇಕು.

ಹಾಗಂತ ಸಿಸ್ಟರುಗಳೆಲ್ಲ ದೇವತೆಯರು ಅಂತ ನಾನು ಹೇಳುವುದಿಲ್ಲ. ಬೈದು ಮಾತಾಡುವವರಿದ್ದಾರೆ, ಬಡವರನ್ನು ಕಾಯಿಸುವವರೂ ಇದ್ದಾರೆ, ಕೈಯೊಡ್ಡುವವರನ್ನೂ ಕಂಡಿದ್ದೇನೆ. ವಶೀಲಿ ನಡೆಯುವುದಿಲ್ಲ ಅಂತಲೂ ಹೇಳಲಾರೆ. ಆದರೆ ನಿಯಮ ಬಾಗಿಲ ಮೇಲೆ ಬರೆದಿಲ್ಲದಾಗ ವಶೀಲಿ ಯಾವುದು, ವಿಂಗಡಣೆ ಯಾವುದು ಅಂತ ಆ ಕಿರಾಣಿ ಅಂಗಡಿಯವರಿಗಾದರೂ ಹೇಗೆ ತಿಳಿಯಬೇಕು? ಒಳ್ಳೆಯ ಸಿಸ್ಟರೂ ಕೆಟ್ಟವಳೂ ಅವರ ಕಣ್ಣಿಗೆ ಒಂದೇ.

ಕಾನೂನು ಇಲ್ಲವೆಂದಲ್ಲ. ದವಾಖಾನೆ ಸಿಬ್ಬಂದಿಯ ಮೇಲೆ ಕೈ ಮಾಡಿದರೆ ಜೈಲು ಅಂತ ಕರ್ನಾಟಕ 2009ರಲ್ಲೇ ಕಾಯ್ದೆ ಮಾಡಿದೆ. ಪ್ರತಿ ದವಾಖಾನೆಗೂ ದುರಂತದ ಯೋಜನೆ ಇರಬೇಕು, ಅದರ ತಾಲೀಮು ನಡೆಯಬೇಕು ಅಂತ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2016ರಲ್ಲಿ ಮಾರ್ಗಸೂಚಿ ಕೊಟ್ಟಿದೆ. ಜಿಲ್ಲೆಯ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಅಣ್ಣಿಗೇರಿ ಈಗ ತಾಲೂಕು, ತಹಸೀಲ್ದಾರರೂ ಇದ್ದಾರೆ. ಹುಬ್ಬಳ್ಳಿ-ಗದಗ ರಸ್ತೆಯಲ್ಲಿ ಹಗಲೂ ರಾತ್ರಿ ಲಾರಿ, ಬಸ್ಸು ಓಡುತ್ತವೆ, ಪಕ್ಕದಲ್ಲಿ ರೈಲು. ಒಂದು ಬಸ್ಸು ಉರುಳಿ 50 ಮಂದಿ ಒಂದೇ ಸಲ ಬಂದರೆ ಬಾಗಿಲಲ್ಲಿ ಪಟ್ಟಿ ಕಟ್ಟುವವರು ಯಾರು, ಮಂದಿಗೆ ವಿವರಿಸುವವರು ಯಾರು, ಕಿಮ್ಸಿಗೆ ಯಾರನ್ನು, ಗದಗಿಗೆ ಯಾರನ್ನು ಕಳಿಸಬೇಕು? ಇದನ್ನು ಬಸ್ಸು ಉರುಳಿದ ಮೇಲೆ ಕೂತು ಮಾತಾಡಲಿಕ್ಕಾಗುವುದಿಲ್ಲ.

ಆ ಟ್ರ್ಯಾಕ್ಸ್ ಉರುಳಿದ ಎಷ್ಟೋ ತಿಂಗಳ ಮೇಲೆ ಆ ಸಿಸ್ಟರ್ ನನಗೆ ಗದಗ ಬಸ್ಸಿನಲ್ಲಿ ಸಿಕ್ಕರು. ಮೊದಲು ಅವರೇ ಗುರುತು ಹಿಡಿದರು. ನಾನು ಎದ್ದು ಸೀಟು ಕೊಟ್ಟು, "ಸಿಸ್ಟರ್, ಅವತ್ತು ನಾ ಭಾಳ ತಪ್ಪ ಮಾತಾಡಿದ್ನಿ" ಅಂದೆ.

"ಬಿಡ್ರಿ ಅಣ್ಣಾರ, ನಿಮ್ಮ ಬೈಗಳಾ ಅವತ್ತ ಮರತೀನ್ರಿ" ಅಂದರು. ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿ, "ಆ ಹೆಣ್ಮಗಳು ಕೇಳಿದ್ದ ಮಾತ್ರ ಮರಿಯಾಕ ಆಗವಲ್ದರೀ. ನಾ ಮಾಡಿದ್ದು ಸರೀನ ಐತಿ ಅಂತ ಡಾಕ್ಟರ್ ಹೇಳಿದ್ರು. ಆದ್ರ ಆಕಿಗೆ ಯಾರೂ ಹೇಳಲಿಲ್ಲಲ್ರೀ" ಅಂದರು.

ಅಲ್ಲಿಂದ ಒಂದು ಮಾತು ನನ್ನ ತಲೆಯಲ್ಲಿ ಕೂತಿದೆ. ವಿಂಗಡಿಸುವ ಸಿಸ್ಟರ್ ಬೇರೆ, ಮಂದಿಗೆ ಹೇಳುವ ಮನುಷ್ಯ ಬೇರೆ ಇರಬೇಕು. ಅವನು ಡಾಕ್ಟರೇ ಆಗಬೇಕೆಂದಿಲ್ಲ, ಊರಿನ ನಾಲ್ಕು ಮಂದಿ ನಂಬುವ ಹಿರಿಯರಾದರೂ ಸಾಕು. ಮೊದಲೇ ಹೆಸರು ಬರೆದಿಟ್ಟಿರಬೇಕು. ಕಪ್ಪು ಪಟ್ಟಿ ಕಟ್ಟಿದವರನ್ನು ಕೈ ಖಾಲಿಯಾದ ಕೂಡಲೇ ಮತ್ತೊಮ್ಮೆ ನೋಡಬೇಕು, ಆ ಕಾಗದದ ಮೇಲೆ ಡಾಕ್ಟರ ಸಹಿ ಬೀಳಬೇಕು. ಸಿಸ್ಟರ್ ಬಾಯಿಂದ ಹೇಳಿದ "ಆಕ್ಸಿಜನ್ ಇಲ್ಲ, ಔಷಧ ಇಲ್ಲ" ಅನ್ನುವ ಮಾತು ವೇಳೆ ಸಹಿತ ವಹಿಯಲ್ಲಿ ಏರಬೇಕು. ಮುಖಂಡರು ತಮ್ಮ ಮಂದಿಯ ಸಲುವಾಗಿ ಫೋನು ಮಾಡಿದರೆ ಅದೂ ಅದೇ ವಹಿಯಲ್ಲಿ, ಹೆಸರಿನ ಸಹಿತ. ಆಗ ನೋಡಿ, ಫೋನುಗಳು ಎಷ್ಟು ಕಡಿಮೆ ಆಗುತ್ತವೆ!

ಮತ್ತೆ ಬಾಗಿಲಿಗೊಂದು ಬೋರ್ಡು. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ: "ಇಲ್ಲಿ ಮೊದಲು ಬಂದವರ ಪಾಳಿ ಇಲ್ಲ. ಉಸಿರು ಯಾರಿಗೆ ಕಷ್ಟವಾಗಿದೆಯೋ ಅವರ ಪಾಳಿ ಮೊದಲು." ಇದಕ್ಕೆ ಬೆಂಗಳೂರಿನಿಂದ ಮಂಜೂರಾತಿ ಬರಬೇಕಾಗಿಲ್ಲ. ಒಂದು ಹಲಗೆ, ಒಂದು ಡಬ್ಬಿ ಬಣ್ಣ. ಬಜಾರದವರು ಮನಸ್ಸು ಮಾಡಿದರೆ ಒಂದು ಸಂಜೆಯ ವಂತಿಗೆ. ನನ್ನ ಪಾಲು ನಾನು ಕೊಡುತ್ತೇನೆ.

ಚಹಾದಂಗಡಿಯಲ್ಲಿ ಸಿಟ್ಟಾಗಿದ್ದ ಆ ಕಿರಾಣಿ ಅಂಗಡಿಯವರನ್ನೂ ಮರುದಿನ ಕೇಳಿದೆ. "ನಿಮ್ಮ ಹಿಂದ ಬಂದಾವಗ ಏನಾಗಿತ್ತರೀ?" ಅಂದೆ. "ಎದಿ ಹಿಡಕೊಂಡಿದ್ದ ಕಾಣತೈತಿ, ನಾವೇನ್ ಕೇಳಲಿಲ್ಲ" ಅಂದರು. ಬೋರ್ಡಿನ ವಂತಿಗೆಯ ಮಾತು ತೆಗೆದೆ. "ನೋಡೋಣ್ರಿ" ಅಂದಿದ್ದಾರೆ.